ಪುಲಿಗೆರೆಯ ಭಾರತ, ಗದುಗಿನ ಭಾರತ: ನಾಯಕನ ದೋಷ ಮತ್ತು ಕೇಳುಗ ಸಮುದಾಯ

1. ಪ್ರಸ್ತಾವನೆ

ತಲೆತಲಾಂತರದಿಂದ ಪ್ರೀತಿಸಿಕೊಂಡು ಬಂದ ಕಥಾನಾಯಕನನ್ನು ಕುಂದುಳ್ಳವನಾಗಿ ಚಿತ್ರಿಸಿದಾಗ ಅವನ ಅಭಿಮಾನಿಗಳು ಕೆರಳುತ್ತಾರೆ. ಕೃತಿಯನ್ನು ಹಿಂತೆಗೆದುಕೊಳ್ಳಬೇಕೆಂಬ ಒತ್ತಾಯ, ಮೆರವಣಿಗೆ, ಮೊಕದ್ದಮೆ, ಮುಟ್ಟುಗೋಲು ಇವು ಕಳೆದ ಕೆಲವು ದಶಕಗಳಲ್ಲಿ ಕನ್ನಡ ಸಾಹಿತ್ಯಲೋಕಕ್ಕೆ ಪರಿಚಿತವಾಗಿಬಿಟ್ಟಿವೆ. ಇಂಥ ಸಂದರ್ಭಗಳಲ್ಲಿ ಎರಡು ವಿವರಣೆಗಳು ಸಿದ್ಧವಾಗಿಯೇ ಇರುತ್ತವೆ. ಜನಸಾಮಾನ್ಯರು ಮುಗ್ಧರು, ತಾವು ನಂಬಿದ ದೊಡ್ಡವರಲ್ಲಿ ಕೊರತೆ ಕಾಣುವ ಶಕ್ತಿ ಅವರಿಗಿಲ್ಲ ಎಂಬುದು ಒಂದು. ಲೇಖಕನು ಪರರ ಶ್ರದ್ಧೆಯನ್ನು ಬೇಕೆಂದೇ ಕೆಣಕಿದ್ದಾನೆ ಎಂಬುದು ಇನ್ನೊಂದು. ಜಾನಪದದ ನೆಲೆಯಿಂದ ಪರಿಶೀಲಿಸಿದರೆ ಇವೆರಡೂ ಅರೆಸತ್ಯಗಳೆಂದು ತೋರುತ್ತದೆ. ಏಕೆಂದರೆ ಮುಗ್ಧರೆಂದು ಕರೆಯಲಾಗುವ ಇದೇ ಕೇಳುಗರು ಹೆಂಡತಿಯನ್ನು ಪಣಕ್ಕಿಟ್ಟ ಧರ್ಮರಾಯನನ್ನು, ಬಸುರಿ ಸೀತೆಯನ್ನು ಕಾಡಿಗಟ್ಟಿದ ರಾಮನನ್ನು, ಹೆಂಡಿರಿಬ್ಬರ ನಡುವೆ ಸುಳ್ಳು ಹೇಳಿ ಸಿಕ್ಕಿಬೀಳುವ ಕೃಷ್ಣನನ್ನು ಶತಮಾನಗಳಿಂದ ಕೇಳುತ್ತ, ನೋಡುತ್ತ, ಕೈಮುಗಿಯುತ್ತ ಬಂದಿದ್ದಾರೆ.

ಹಾಗಾದರೆ ಒಂದು ಕಡೆ ಸಹಜವಾಗಿ ಸಲ್ಲುವ ದೋಷ ಇನ್ನೊಂದು ಕಡೆ ಅಪರಾಧವಾಗುವುದು ಏಕೆ? ಪ್ರಸ್ತುತ ಲೇಖನವು ಈ ಪ್ರಶ್ನೆಯನ್ನು ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಪರಿಸರದ ಕಥನ ಪರಂಪರೆಯನ್ನು ಮುಂದಿಟ್ಟುಕೊಂಡು ಚರ್ಚಿಸುತ್ತದೆ. ನಾಯಕನು ಬದುಕಿರುವ ಒಂದು ಅಧಿಕಾರದ ಪ್ರತಿಬಿಂಬವಾದ ಕಡೆ ಅವನ ದೋಷಕ್ಕೆ ಜಾಗ ಕಿರಿದಾಗುತ್ತದೆ. ಯಾರೊಬ್ಬರ ಪ್ರತಿಬಿಂಬವೂ ಆಗದೆ ಎಲ್ಲರ ಪಾಲಿಗೂ ಉಳಿದ ಕಡೆ ದೋಷವು ಅವನ ಹಿರಿಮೆಯ ಭಾಗವಾಗಿಯೇ ಬೆಳೆಯುತ್ತದೆ ಎಂಬುದು ಇಲ್ಲಿಯ ಮುಖ್ಯ ಪ್ರತಿಪಾದನೆ. ಈ ಭೇದವನ್ನು ತೋರಿಸಲು ಈ ನೆಲದಷ್ಟು ಅನುಕೂಲವಾದ ಪ್ರದೇಶ ಇನ್ನೊಂದಿಲ್ಲ. ಕನ್ನಡದ ಎರಡು ಮಹಾಭಾರತಗಳು ಒಂದಕ್ಕೊಂದು ಸುಮಾರು 40 ಕಿಲೋಮೀಟರು ದೂರದ ಎರಡು ಊರುಗಳಿಗೆ ಅಂಟಿಕೊಂಡಿವೆ.

2. ಪುಲಿಗೆರೆ: ಆಶ್ರಯದಾತನೇ ನಾಯಕನಾದಾಗ

ಇಂದಿನ ಲಕ್ಷ್ಮೇಶ್ವರವೇ ಪ್ರಾಚೀನ ಪುಲಿಗೆರೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡದ ತಿರುಳನ್ನು ಗುರುತಿಸುವಾಗ ಕಿಸುವೊಳಲು, ಕೊಪಣ, ಒಂಕುಂದಗಳ ಜೊತೆಗೆ ಪುಲಿಗೆರೆಯನ್ನೂ ಹೆಸರಿಸುತ್ತದೆ. ಪಂಪನು 941ರಲ್ಲಿ ರಚಿಸಿದ ‘ವಿಕ್ರಮಾರ್ಜುನ ವಿಜಯ’ದಲ್ಲಿ ತನ್ನ ಕಾವ್ಯದ ಭಾಷೆ ಪುಲಿಗೆರೆಯ ತಿರುಳ್ಗನ್ನಡವೆಂದು ಅಭಿಮಾನದಿಂದ ಹೇಳಿಕೊಂಡಿದ್ದಾನೆ. ಆದರೆ ಆ ಕಾವ್ಯದ ಆಶ್ರಯದಾತ ವೇಮುಲವಾಡದ ಚಾಲುಕ್ಯ ದೊರೆ ಇಮ್ಮಡಿ ಅರಿಕೇಸರಿ. ಕವಿಯು ಅರಸನನ್ನು ಅರ್ಜುನನೊಡನೆ ಅಭೇದವಾಗಿಸಿದ್ದಾನೆ. ಅರ್ಜುನನ ಹುಟ್ಟು, ಗೆಲುವು, ಪಟ್ಟ ಎಲ್ಲವೂ ಅರಿಕೇಸರಿಯವೂ ಆಗುತ್ತವೆ.

ಈ ಅಭೇದ ಕಲ್ಪನೆಯ ಪರಿಣಾಮವನ್ನು ವಿದ್ವಾಂಸರು ವಿಸ್ತಾರವಾಗಿ ಚರ್ಚಿಸಿದ್ದಾರೆ. ಇಲ್ಲಿ ಗಮನಿಸಬೇಕಾದ ಅಂಶ ಒಂದೇ. ಐವರು ಗಂಡಂದಿರ ದ್ರೌಪದಿಯನ್ನು ಪಂಪನು ಅರ್ಜುನನೊಬ್ಬನ ಹೆಂಡತಿಯಾಗಿ ಮಾಡಿದ. ಆಳುವ ದೊರೆಯ ಹೆಂಡತಿಯನ್ನು ಮತ್ತೆ ನಾಲ್ವರು ಹಂಚಿಕೊಂಡರೆಂದು ಆಸ್ಥಾನದಲ್ಲಿ ಓದುವುದು ಸಾಧ್ಯವಿರಲಿಲ್ಲ. ಕೊನೆಗೆ ಪಟ್ಟವೇರುವವನೂ ಧರ್ಮರಾಯನಲ್ಲ, ಅರ್ಜುನ. ಪಟ್ಟದ ರಾಣಿಯಾಗಿ ಪಕ್ಕದಲ್ಲಿ ಕೂರುವವಳು ಸುಭದ್ರೆ. ಹೀಗೆ ನಾಯಕನ ಬಾಳಿನಿಂದ ಮುಜುಗರದ ಎಳೆಯೊಂದನ್ನು ಕಿತ್ತಾಗ ಕಥೆಯ ಬಟ್ಟೆ ಬೇರೆ ಕಡೆ ಸುಕ್ಕಾಯಿತು. ಜೂಜಾಡಿದವನು ಅಣ್ಣ, ಅವಮಾನಕ್ಕೆ ಗುರಿಯಾದವಳು ತಮ್ಮನೊಬ್ಬನ ಹೆಂಡತಿ, ಪ್ರತಿಜ್ಞೆ ತೊಟ್ಟು ದುಶ್ಶಾಸನನ ರಕ್ತದಿಂದ ಅವಳ ಮುಡಿ ಕಟ್ಟಿದವನು ಭೀಮ. ಹಾಗಿದ್ದರೆ ಗಂಡನಾದ ಅರ್ಜುನನು ಅಂದು ಸುಮ್ಮನಿದ್ದುದೇಕೆ ಎಂಬ ಪ್ರಶ್ನೆ ಮೂಲದಲ್ಲಿರುವುದಕ್ಕಿಂತ ಇಲ್ಲಿ ತೀವ್ರವಾಗಿ ಏಳುತ್ತದೆ. ಒಂದು ಕುಂದನ್ನು ಮರೆಮಾಡಲು ಹೋಗಿ ಇನ್ನೊಂದನ್ನು ಬಯಲಿಗೆ ತಂದಂತಾಯಿತು. ಕುಂದುಗಳು ಕಥೆಯ ಕೀಲುಗಳಾಗಿರುವುದರಿಂದ ಒಂದನ್ನು ತೆಗೆದರೆ ಉಳಿದವು ಸಡಿಲಾಗುತ್ತವೆ.

ಹಾಗೆಂದು ಪಂಪನು ಬರಿಯ ಆಸ್ಥಾನಕವಿಯಾಗಿ ಉಳಿಯಲಿಲ್ಲ. ಅರ್ಜುನನಿಗೆ ಕೊಡಲಾಗದ ನೋವಿನ ಹಿರಿಮೆಯನ್ನು ಅವನು ಕರ್ಣನಿಗೆ ಕೊಟ್ಟ. ಕಾವ್ಯದ ಕೊನೆಯಲ್ಲಿ ದುರ್ಯೋಧನನನ್ನೂ ಕರ್ಣನನ್ನೂ ಒಂದೊಂದು ಗುಣಕ್ಕಾಗಿ ನೆನೆಯುವಂತೆ ಹೇಳಿದ. ಈ ದಾರಿ ರನ್ನನಲ್ಲಿ ಇನ್ನೂ ಸ್ಪಷ್ಟವಾಗುತ್ತದೆ. ಗದುಗಿನ ಪಕ್ಕದ ಲಕ್ಕುಂಡಿಯಲ್ಲಿ 1007ರಲ್ಲಿ ಬ್ರಹ್ಮಜಿನಾಲಯ ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆ ರನ್ನನಿಂದ ‘ಅಜಿತಪುರಾಣ’ವನ್ನು ಬರೆಸಿದವಳು. ಅದೇ ರನ್ನ ‘ಗದಾಯುದ್ಧ’ದಲ್ಲಿ ತನ್ನ ದೊರೆ ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನೊಡನೆ ಸಮೀಕರಿಸಿ ಭೀಮನಿಗೇ ಪಟ್ಟ ಕಟ್ಟಿದ. ಆದರೆ ಓದುಗನ ಮನಸ್ಸಿನಲ್ಲಿ ನಿಲ್ಲುವವನು ರಣರಂಗದಲ್ಲಿ ಹೆಣಗಳ ನಡುವೆ ನಡೆಯುತ್ತ, ಹಗೆಯ ಮಗನಾದ ಅಭಿಮನ್ಯುವಿನ ಶೌರ್ಯಕ್ಕೂ ತಲೆದೂಗುವ ದುರ್ಯೋಧನ. ಅರಸನ ಪ್ರತಿಬಿಂಬವಾದ ನಾಯಕನು ದೋಷರಹಿತನಾಗಿರಬೇಕೆಂಬ ಕಟ್ಟಳೆಯಲ್ಲಿ ಮನುಷ್ಯನ ಆಳವು ಪ್ರತಿನಾಯಕನ ಕಡೆಗೆ ಹರಿಯಿತು. ಆಸ್ಥಾನದ ಅಂಕುಶದೊಳಗೆ ಈ ಕವಿಗಳು ಕಂಡುಕೊಂಡ ಹೊರದಾರಿ ಇದು.

3. ಗದಗು: ಅರಸನಿಲ್ಲದ ಕಾವ್ಯ

ಹದಿನೈದನೆಯ ಶತಮಾನದವನೆಂದು ಸಾಮಾನ್ಯವಾಗಿ ಒಪ್ಪಲಾಗಿರುವ ಕುಮಾರವ್ಯಾಸನ ‘ಕರ್ಣಾಟ ಭಾರತ ಕಥಾಮಂಜರಿ’ಯ ಸ್ಥಿತಿಯೇ ಬೇರೆ. ಈ ಕಾವ್ಯಕ್ಕೆ ಅರಸನ ಆಶ್ರಯವಿಲ್ಲ. ಅಂಕಿತ ಗದುಗಿನ ವೀರನಾರಾಯಣನದು. ಈ ಕಥೆ ಅರಸರಿಗೆ, ದ್ವಿಜರಿಗೆ, ಯೋಗಿಗಳಿಗೆ, ಮಂತ್ರಿಗಳಿಗೆ, ವಿರಹಿಗಳಿಗೆ, ಹೀಗೆ ಬೇರೆ ಬೇರೆಯವರಿಗೆ ಬೇರೆ ಬೇರೆಯಾಗಿ ಒದಗುತ್ತದೆಂದು ಕವಿಯೇ ಆರಂಭದಲ್ಲಿ ಸೂಚಿಸುತ್ತಾನೆ. ಕೇಳುಗನೊಬ್ಬನ ಮುಖಕ್ಕೆ ಹಿಡಿದ ಕನ್ನಡಿ ಇದಲ್ಲವಾದ್ದರಿಂದ ಯಾವ ಪಾತ್ರವನ್ನೂ ತೊಳೆದು ನಿಲ್ಲಿಸುವ ಅಗತ್ಯ ಕವಿಗೆ ಬೀಳಲಿಲ್ಲ. ದ್ರೌಪದಿಗೆ ಐವರು ಗಂಡಂದಿರೂ ಮರಳಿ ದೊರೆತರು. ಅವರೊಡನೆ ಐವರ ಕುಂದುಗಳೂ ಮರಳಿದವು.

ಅವನ ವಿರಾಟಪರ್ವವನ್ನು ನೋಡಬಹುದು. ಕೀಚಕನ ಕಾಟದಿಂದ ಬೆಂದ ದ್ರೌಪದಿ ನಡುರಾತ್ರಿ ಅಡುಗೆಮನೆಗೆ ಬಂದು ಭೀಮನನ್ನು ಎಬ್ಬಿಸುತ್ತಾಳೆ. ಐವರು ವೀರರಿದ್ದೂ ಒಬ್ಬಳನ್ನು ಕಾಯಲಾರದ ಗಂಡಸುತನವನ್ನು ಅವಳು ಹಳಿಯುವ ಬಗೆ ಕನ್ನಡ ಕಾವ್ಯದಲ್ಲಿಯೇ ಅಪೂರ್ವವಾದುದು. ಭೀಮನೂ ತಕ್ಷಣ ಎದ್ದು ನಿಲ್ಲುವುದಿಲ್ಲ. ಅಂದು ಸಭೆಯಲ್ಲಿ ತನ್ನನ್ನು ತಡೆದವರ ಮೇಲಿನ ಹಳೆಯ ಮುನಿಸನ್ನು ಹೊರಗೆಡವುತ್ತಾನೆ. ಪಾಂಡವರ ಮೇಲೆ ಇದಕ್ಕಿಂತ ಕಟುವಾದ ಆಪಾದನೆಯನ್ನು ಯಾವ ಆಧುನಿಕ ಲೇಖಕನೂ ಮಾಡಿಲ್ಲ. ಆದರೆ ಮಳೆ ಬಾರದ ವರ್ಷ ಗುಡಿಯಲ್ಲಿ ಕೂತು ಓದಿಸುವುದು ಈ ವಿರಾಟಪರ್ವವನ್ನೇ. ನಾಯಕರ ಹೇಡಿತನವನ್ನು ಹೆಂಡತಿಯ ಬಾಯಿಂದಲೇ ಕೇಳಿಸುವ ಭಾಗವು ಮಳೆ ತರಿಸುವ ಪವಿತ್ರ ಪಾಠವೂ ಆಗಿದೆಯೆಂಬುದನ್ನು ಸಂಶೋಧಕರು ಗಂಭೀರವಾಗಿ ಪರಿಗಣಿಸಬೇಕು. ಕೇಳುಗರ ಶ್ರದ್ಧೆಗೆ ನಾಯಕರ ನಿರ್ದೋಷತ್ವ ಇಲ್ಲಿ ಆಧಾರವಾಗಿಲ್ಲ.

ಕೃಷ್ಣನ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮವಾಗಿದೆ. ಕುಮಾರವ್ಯಾಸನಿಗೆ ಕೃಷ್ಣನು ಇಷ್ಟದೈವ. ಈ ಭಾರತವು ಕೃಷ್ಣನ ಕಥೆಯೇ ಎಂಬ ಭಾವ ಅವನದು. ಹೀಗಿದ್ದೂ ಉದ್ಯೋಗಪರ್ವದ ಕರ್ಣಭೇದನದಲ್ಲಿ, ಸಂಧಾನ ಮುರಿದು ಹೊರಟ ಕೃಷ್ಣನು ಕರ್ಣನನ್ನು ರಥದಲ್ಲಿ ಕೂರಿಸಿಕೊಂಡು ಅವನ ಹುಟ್ಟನ್ನು ತಿಳಿಸುವ ಸನ್ನಿವೇಶದ ಕ್ರೌರ್ಯವನ್ನು ಕವಿ ಮರೆಸುವುದಿಲ್ಲ. ಅಕ್ಕರೆಯ ಮಾತೇ ಕೊಲ್ಲುವ ಆಯುಧವಾಗುತ್ತದೆ. ಕರ್ಣನ ಕೊರಳ ಸೆರೆ ಬಿಗಿಯುತ್ತದೆ, ಕಣ್ಣೀರು ಬರುತ್ತದೆ, ತನ್ನನ್ನು ನಂಬಿದ ಕೌರವನ ಗತಿಯೇನೆಂದು ಮರುಗುತ್ತಾನೆ. ಕರ್ಣಪರ್ವದಲ್ಲಿ ಧರ್ಮರಾಯನ ಚುಚ್ಚುಮಾತಿಗೆ ಅರ್ಜುನನು ಅಣ್ಣನ ಮೇಲೆಯೇ ಕತ್ತಿ ಹಿರಿಯುತ್ತಾನೆ. ದೋಷವನ್ನು ತೋರಿಸುವುದಕ್ಕೂ ಭಕ್ತಿಗೂ ಈ ಕವಿಯಲ್ಲಿ ವಿರೋಧವೇ ಇಲ್ಲ. ದೇವರನ್ನು ಮನುಷ್ಯನ ಕಣ್ಣೀರಿನ ಎದುರಿಗೆ ನಿಲ್ಲಿಸುವ ಧೈರ್ಯ ಅವನಿಗೆ ಭಕ್ತಿಯಿಂದಲೇ ಬಂದಿದೆ.

4. ಬಯಲಿನಲ್ಲಿ ಸೋಲುವ ವೀರರು

ಕಾವ್ಯದ ಈ ಗುಣ ಬಯಲಾಟದಲ್ಲಿ ಇನ್ನಷ್ಟು ಢಾಳಾಗಿ ಕಾಣುತ್ತದೆ. ಗದಗ, ಮುಂಡರಗಿ, ಶಿರಹಟ್ಟಿ ಸೀಮೆಗಳನ್ನೂ ಒಳಗೊಂಡ ಉತ್ತರ ಕರ್ನಾಟಕದ ದೊಡ್ಡಾಟದ ಪ್ರಸಂಗಗಳಲ್ಲಿ ‘ಲವಕುಶರ ಕಾಳಗ’, ‘ಬಭ್ರುವಾಹನ’, ‘ಸುಧನ್ವಾರ್ಜುನ’ ಪ್ರಸಿದ್ಧವಾದವು. ಇವುಗಳ ಬೇರು ಲಕ್ಷ್ಮೀಶನ ‘ಜೈಮಿನಿ ಭಾರತ’ದಲ್ಲಿದೆ. ಮೂರರಲ್ಲಿಯೂ ಸರ್ವಮಾನ್ಯ ನಾಯಕನೊಬ್ಬನು ತನಗಿಂತ ಕಿರಿಯರ ಎದುರು ಕುಗ್ಗುತ್ತಾನೆ. ತಾನು ತೊರೆದ ಹೆಂಡತಿಯ ಮಕ್ಕಳ ಮುಂದೆ ರಾಮ ಸೋಲುತ್ತಾನೆ. ತನ್ನನ್ನು ತಂದೆಯೆಂದು ಕಾಣಲು ಬಂದ ಬಭ್ರುವಾಹನನನ್ನು ಹೀಗಳೆದ ಅರ್ಜುನ ಆ ಮಗನ ಕೈಯಿಂದಲೇ ತಲೆ ಕಳೆದುಕೊಳ್ಳುತ್ತಾನೆ. ನಾಯಕನು ಮಾಡಿದ ತಪ್ಪು ಮಗನ ರೂಪದಲ್ಲಿ ಎದುರು ಬಂದು ನಿಲ್ಲುವುದೇ ಈ ಆಟಗಳ ಕಥಾಬೀಜ. ಜನ ಇರುಳಿಡೀ ಕೂತು ನೋಡುವುದೂ ಅದನ್ನೇ.

ಇದು ಸಾಧ್ಯವಾಗುವುದಕ್ಕೆ ಬಯಲಾಟದ ರಚನೆಯೂ ಕಾರಣವಾಗಿದೆ. ಕಿರೀಟ, ಭುಜಕೀರ್ತಿಗಳಿಂದ ಮೆರೆಯುವ ರಾಜ ರಂಗಕ್ಕೆ ಬಂದೊಡನೆ ನೀನು ಯಾರು, ಯಾವ ಊರಿನವನು, ಏಕೆ ಬಂದೆ ಎಂದು ಸಾರಥಿ ಪ್ರಶ್ನಿಸುತ್ತಾನೆ. ಎಂಥ ಚಕ್ರವರ್ತಿಯೂ ಅವನಿಗೆ ಉತ್ತರ ಹೇಳದೆ ಮುಂದೆ ಹೋಗುವಂತಿಲ್ಲ. ಊರಿನವರೇ ಪಾತ್ರಧಾರಿಗಳು, ಊರಿನವರೇ ಪ್ರೇಕ್ಷಕರು. ನಿನ್ನೆ ಹೊಲದಲ್ಲಿ ಕುಂಟೆ ಹೊಡೆದವನು ಇಂದು ರಾಮ. ನಾಯಕನನ್ನು ಪ್ರಶ್ನಿಸುವ ಸ್ಥಾನವೊಂದು ಆಟದೊಳಗೇ ಇರುವುದರಿಂದ ಪ್ರೇಕ್ಷಕನು ಹೊರಗೆ ನಿಂತು ಪ್ರತಿಭಟಿಸಬೇಕಾದ ಪ್ರಮೇಯ ಕಡಿಮೆ. ಕೊನೆಯ ಮಂಗಳದಲ್ಲಿ ಸೋತವನು, ಗೆದ್ದವನು, ಆಡಿದವನು, ನೋಡಿದವನು ಎಲ್ಲರೂ ಒಂದಾಗುತ್ತಾರೆ. ಸಣ್ಣಾಟದ ಪರಂಪರೆಯ ‘ಶ್ರೀಕೃಷ್ಣ ಪಾರಿಜಾತ’ದಲ್ಲಿಯೂ ಇದೇ ನಡೆಯುತ್ತದೆ. ಅಪರಾಳ ತಮ್ಮಣ್ಣನ ರಚನೆಯೆಂದು ಹೇಳಲಾಗುವ, ಕುಲಗೋಡ ತಮ್ಮಣ್ಣನಿಂದ ಹೆಸರಾದ, ಕೌಜಲಗಿ ನಿಂಗಮ್ಮನಂಥ ಕಲಾವಿದೆ ಬೆಳಗಿಸಿದ ಈ ಆಟದಲ್ಲಿ ಜಗದೊಡೆಯ ಕೃಷ್ಣನು ಸತ್ಯಭಾಮೆಯ ಮುನಿಸಿನ ಮುಂದೆ ತಡವರಿಸುತ್ತಾನೆ. ಜನ ನಗುತ್ತಾರೆ, ಆ ನಗೆಯಲ್ಲಿ ಅವಹೇಳನಕ್ಕಿಂತ ಸಲುಗೆ ಹೆಚ್ಚು.

ದೈವದ ಒಡೆತನ ಹಂಚಿಹೋಗಿರುವುದೂ ಈ ಸಲುಗೆಗೆ ಒಂದು ಕಾರಣ. ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಹಿಂದೂಗಳೂ ಮುಸಲ್ಮಾನರೂ ಸಮಾನವಾಗಿ ನಡೆದುಕೊಳ್ಳುತ್ತಾರೆ. ಹೆಸರಿನಲ್ಲಿಯೇ ಫಕೀರನೂ ಈಶ್ವರನೂ ಕೂಡಿರುವ ಇಂಥ ಕಡೆ ಕಥೆಯ ಯಾವುದೇ ಒಂದು ಪಾಠವು ತಾನೇ ಏಕೈಕ ಅಧಿಕೃತವೆಂದು ಸಾಧಿಸುವುದು ಕಷ್ಟ.

5. ಜನಪದದ ಮಿತಿ

ಇಷ್ಟರಿಂದ ಜನಪದವು ಎಲ್ಲವನ್ನೂ ಸಹಿಸುತ್ತದೆಂಬ ರಮ್ಯ ತೀರ್ಮಾನಕ್ಕೆ ಬರಲಾಗದು. ಪುರಾಣದ ನಾಯಕರಿಗೆ ತೋರಿದ ಔದಾರ್ಯವನ್ನು ಜನಪದವು ಇತಿಹಾಸದ ನಾಯಕರಿಗೆ ಸುಲಭವಾಗಿ ತೋರಿಲ್ಲ. 1858ರ ಬೇಸಿಗೆಯಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದ ಮುಂಡರಗಿ ಭೀಮರಾಯನು ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಮಡಿದ. ಅದೇ ವರ್ಷ ಜೂನ್ 12ರಂದು ನರಗುಂದದ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಕಿತ್ತೂರು, ನರಗುಂದಗಳ ಸೋಲನ್ನು ವಿವರಿಸುವಾಗ ಜನಪದ ಸ್ಮೃತಿಯು ನಾಯಕನ ಅಂದಾಜಿನ ತಪ್ಪನ್ನಾಗಲಿ, ಸಂಸ್ಥಾನಗಳ ನಡುವಿನ ಒಡಕನ್ನಾಗಲಿ ಮುಂದು ಮಾಡುವುದಿಲ್ಲ. ಒಳಗಿನವರು ದ್ರೋಹ ಬಗೆದರು, ಮದ್ದಿನಲ್ಲಿ ಕಲಬೆರಕೆ ಮಾಡಿದರು ಎಂಬ ಕಥನವೇ ಮುನ್ನೆಲೆಗೆ ಬರುತ್ತದೆ. ನಾಯಕನ ಪಾಲಿನ ದೋಷವೆಲ್ಲ ದ್ರೋಹಿಯೆಂಬ ಇನ್ನೊಂದು ಪಾತ್ರದ ಮೇಲೆ ಸಂದಾಯವಾಗುತ್ತದೆ. ನೆನಪು ಹಸಿಯಾಗಿರುವಾಗ, ಸೋಲಿನ ಅವಮಾನ ಇನ್ನೂ ಊರಿನದೇ ಆಗಿರುವಾಗ ಜನರೂ ಪಂಪನ ದಾರಿಯನ್ನೇ ಹಿಡಿಯುತ್ತಾರೆಂಬುದು ಇದರಿಂದ ತಿಳಿಯುತ್ತದೆ.

ಇದೇ ಲಾವಣಿ ಪರಂಪರೆಯ ಇನ್ನೊಂದು ತುದಿಯಲ್ಲಿ ಸಂಗ್ಯಾ ಇದ್ದಾನೆ. ಜೆ. ಎಫ್. ಫ್ಲೀಟ್ ಹತ್ತೊಂಬತ್ತನೆಯ ಶತಮಾನದ ಕೊನೆಗೆ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ಸಂಗೊಳ್ಳಿ ರಾಯಣ್ಣ, ಹಲಗಲಿಯ ಬೇಡರ ಜೊತೆಗೆ ಬೈಲಹೊಂಗಲದ ಸಂಗ್ಯಾನ ಕಥೆಯೂ ಸೇರಿದೆ. ಪರರ ಹೆಂಡತಿಗೆ ಮನಸೋತು, ಗೆಳೆಯ ಬಾಳ್ಯಾನ ದ್ರೋಹದಿಂದ ಕೊಲೆಯಾದವನು ಸಂಗ್ಯಾ. ಅವನ ತಪ್ಪನ್ನು ಮುಚ್ಚದೆಯೇ ಜನ ಅವನನ್ನು ಹಾಡಿದರು, ಸಣ್ಣಾಟವಾಗಿ ಆಡಿದರು, ಅತ್ತರು. ಸಂಗ್ಯಾ ಯಾವ ಸಂಸ್ಥಾನದ, ಯಾವ ಹೋರಾಟದ ಪ್ರತಿನಿಧಿಯೂ ಅಲ್ಲ. ಆದ್ದರಿಂದ ಅವನ ತಪ್ಪಿಗೆ ಅವನೊಬ್ಬನೇ ಹೊಣೆ. ಅವನ ಸಾವಿಗೆ ಮಾತ್ರ ಎಲ್ಲರ ಮರುಕ.

ಮಿತಿಯ ಇನ್ನೊಂದು ಮುಖವೂ ಇದೆ. ಒಬ್ಬರ ನಾಯಕ ಇನ್ನೊಬ್ಬರಿಗೆ ಗಾಯವಾಗಿರಬಹುದು. ಸೌರಾಷ್ಟ್ರದ ಸೋಮನಾಥನನ್ನು ಪುಲಿಗೆರೆಗೆ ತಂದ ಆದಯ್ಯನ ಕಥೆಯನ್ನು ಹರಿಹರ, ರಾಘವಾಂಕರು ಶೈವ ವಿಜಯವಾಗಿ ಹಾಡಿದ್ದಾರೆ. ಶಂಖಬಸದಿಯಂಥ ಜಿನಾಲಯಗಳಿದ್ದ ಅದೇ ಪುಲಿಗೆರೆಯ ಜೈನರ ಕಡೆಯಿಂದ ಆ ಸಾಹಸ ಹೇಗೆ ಕಂಡೀತು ಎಂದು ಕೇಳಿಕೊಳ್ಳದೆ ಆ ಕಾವ್ಯಗಳ ವಿಮರ್ಶೆ ಪೂರ್ಣವಾಗದು. ನಾಯಕನ ದೋಷವನ್ನು ಎತ್ತಿ ಹೇಳುವವರು ಬಹಳ ಸಲ ಕಥೆಯಲ್ಲಿ ಪೆಟ್ಟು ತಿಂದವರ ಕಡೆಯವರು. ಅವರ ಮಾತನ್ನು ಕೆಣಕುವಿಕೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ.

6. ಹೊಸ ಆಶ್ರಯದಾತರು

ಆಧುನಿಕ ಕಾಲದ ಕೆಲವು ವಿವಾದಗಳನ್ನು ಈ ಹಿನ್ನೆಲೆಯಲ್ಲಿ ಮರಳಿ ಓದಬಹುದು. ಕುವೆಂಪು ಅವರ ‘ಶೂದ್ರ ತಪಸ್ವಿ’ ಪ್ರಕಟವಾದದ್ದು 1944ರಲ್ಲಿ. ಶಂಬೂಕನ ಕಥೆಯಲ್ಲಿ ರಾಮನ ಮೇಲಿದ್ದ ಕಳಂಕವನ್ನು ಕುವೆಂಪು ತೊಡೆಯಲು ಯತ್ನಿಸಿದರು. ರಾಮ ಬಿಟ್ಟ ಅಸ್ತ್ರ ತಪಸ್ವಿಯನ್ನು ಕೊಲ್ಲದೆ, ದೂರು ತಂದ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಹೋಗಿ ಅವನ ಕಣ್ಣು ತೆರೆಸುತ್ತದೆ. ಪುರಾಣಕಥೆಯನ್ನು ಈ ಬಗೆಯಲ್ಲಿ ತಿದ್ದುವುದರ ಔಚಿತ್ಯವನ್ನು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಪ್ರಶ್ನಿಸಿದರು, ಕುವೆಂಪು ಉತ್ತರಿಸಿದರು. ಇಲ್ಲಿ ಆಕ್ಷೇಪ ಬಂದದ್ದು ನಾಯಕನಿಗೆ ದೋಷ ಹಚ್ಚಿದ್ದಕ್ಕಲ್ಲ, ಅದನ್ನು ಅಳಿಸಿದ್ದಕ್ಕೆ. ಆ ದೋಷ ಅಳಿಯುವಾಗ ಅದರ ಹೊಣೆ ಒಂದು ವರ್ಣದ ಕಡೆಗೆ ಸರಿಯಿತೆಂಬುದು ಆ ಚರ್ಚೆಯ ಒಳಮರ್ಮ. ಗಮನಾರ್ಹ ಸಂಗತಿಯೆಂದರೆ ಆ ಜಗಳ ಪತ್ರಿಕೆಯ ಪುಟಗಳಲ್ಲಿ, ಮುನ್ನುಡಿಗಳಲ್ಲಿ ವಿಮರ್ಶೆಯಾಗಿಯೇ ನಡೆಯಿತು.

ಎಸ್. ಎಲ್. ಭೈರಪ್ಪನವರ ‘ಪರ್ವ’ (1979) ಮಹಾಭಾರತದ ಎಲ್ಲ ಪಾತ್ರಗಳಿಂದಲೂ ದೈವಿಕತೆಯನ್ನು ಕಳಚಿತು. ಪರ-ವಿರೋಧದ ಬರಹಗಳು ಬಂದವು. ಪುಸ್ತಕ ಮಾತ್ರ ಮುಟ್ಟುಗೋಲಿಗೆ ಒಳಗಾಗಲಿಲ್ಲ. ಕನ್ನಡ ನಾಡಿನಲ್ಲಿ ಪಾಂಡವರನ್ನು ತಮ್ಮ ಮೂಲಪುರುಷರೆಂದು ಸಂಘಟಿತವಾಗಿ ಹೇಳಿಕೊಳ್ಳುವ ಪ್ರಬಲ ಸಮುದಾಯವಿಲ್ಲದಿರುವುದು ಇದಕ್ಕೆ ಒಂದು ಕಾರಣವೆಂದು ಊಹಿಸಬಹುದು. ಪಿ. ವಿ. ನಾರಾಯಣ ಅವರ ‘ಧರ್ಮಕಾರಣ’ (1995) ಕಾದಂಬರಿಯ ಗತಿ ಬೇರೆಯಾಯಿತು. ಶರಣರ ಕುಟುಂಬದ, ವಿಶೇಷವಾಗಿ ಅಕ್ಕನಾಗಮ್ಮನ ಚಿತ್ರಣದ ಬಗ್ಗೆ ತೀವ್ರ ಪ್ರತಿಭಟನೆ ನಡೆದು, ರಾಜ್ಯ ಸರ್ಕಾರವು 1997ರಲ್ಲಿ ಕೃತಿಯನ್ನು ಮುಟ್ಟುಗೋಲು ಹಾಕಿಕೊಂಡಿತು. ಬರಗೂರು ರಾಮಚಂದ್ರಪ್ಪ ಮೊದಲಾದವರು ನ್ಯಾಯಾಲಯದ ಮೊರೆಹೋದರೂ 2007ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಕ್ರಮವನ್ನು ಎತ್ತಿಹಿಡಿಯಿತು. ಅದೇ 2007ರಲ್ಲಿ ಬಂಜಗೆರೆ ಜಯಪ್ರಕಾಶರ ‘ಆನು ದೇವಾ ಹೊರಗಣವನು’ ಕೃತಿಯು ಬಸವಣ್ಣನ ಹುಟ್ಟನ್ನು ಮಾದಿಗ ಸಮುದಾಯದೊಡನೆ ಜೋಡಿಸಿದ್ದಕ್ಕಾಗಿ ಪ್ರತಿಭಟನೆಗೆ ಗುರಿಯಾಗಿ ಹಿಂತೆಗೆದುಕೊಳ್ಳಲ್ಪಟ್ಟಿತು. ಆ ಕೃತಿಯ ಸಂಶೋಧನಾ ವಿಧಾನವನ್ನು ಒಪ್ಪುವುದು ಬಿಡುವುದು ಬೇರೆ ಪ್ರಶ್ನೆ. ಆದರೆ ಮಾದಾರ ಚೆನ್ನಯ್ಯನ ಮನೆಯ ಮಗನೆಂದು ತನ್ನನ್ನು ತಾನೇ ಕರೆದುಕೊಂಡವನು ಬಸವಣ್ಣ. ಅವನ ಬಾಯಲ್ಲಿ ಹೆಮ್ಮೆಯಾಗಿದ್ದುದು ಅಭಿಮಾನಿಗಳ ಕಿವಿಗೆ ಅವಮಾನವಾಗಿ ಕೇಳಿಸಿದ್ದು ಬಸವಣ್ಣನ ಬಗ್ಗೆ ಏನನ್ನೂ ಹೇಳುವುದಿಲ್ಲ. ಕೇಳುವವರ ಬಗ್ಗೆ ಬಹಳ ಹೇಳುತ್ತದೆ.

ಇದಕ್ಕೆ ಹೋಲಿಕೆಯಾಗಿ ಗದಗ ಸೀಮೆಯಿಂದ ದೂರದ ಹಳೆಯ ಮೈಸೂರು ಭಾಗದ ಮಂಟೇಸ್ವಾಮಿ ಕಾವ್ಯವನ್ನು ನೆನೆಯಬೇಕು. ಅಲ್ಲಿಯ ಕಲ್ಯಾಣದ ಸಾಲಿನಲ್ಲಿ ಹೊಲಸು ಹೊದ್ದು ಬಂದ ಮಂಟೇಸ್ವಾಮಿಯನ್ನು ಕಲ್ಯಾಣದ ಜಂಗಮರು ಗುರುತಿಸದೆ ಬಾಗಿಲಿನಲ್ಲಿಯೇ ತಡೆಯುತ್ತಾರೆ. ಬಸವಣ್ಣನ ಕಲ್ಯಾಣವೇ ಪರೀಕ್ಷೆಗೆ ಒಳಗಾಗುತ್ತದೆ. ಶರಣರ ನಾಡಿನ ಮೇಲೆ ಇಷ್ಟು ನಿಷ್ಠುರವಾದ ವಿಮರ್ಶೆಯನ್ನು ನೀಲಗಾರರು ತಲೆಮಾರುಗಳಿಂದ ತಂಬೂರಿ ಹಿಡಿದು ಹಾಡುತ್ತ ಬಂದಿದ್ದಾರೆ. ತಂಬೂರಿಯ ದನಿಗೆ ಬಾರದ ಕೋಪ ಮುದ್ರಿತ ಪುಸ್ತಕಕ್ಕೆ ಏಕೆ ಬಂತು? ಎ. ಕೆ. ರಾಮಾನುಜನ್ ಅವರ ‘ಮುನ್ನೂರು ರಾಮಾಯಣಗಳು’ ಪ್ರಬಂಧದ ಪ್ರಸಂಗವೂ ಈ ಪ್ರಶ್ನೆಯನ್ನೇ ಎತ್ತುತ್ತದೆ. ರಾವಣನೇ ಬಸುರಾಗಿ ಸೀನಿದಾಗ ಸೀತೆ ಹುಟ್ಟಿದಳೆಂಬ ಕನ್ನಡ ಜನಪದ ಕಥೆಯನ್ನು ಒಳಗೊಂಡ ಈ ಪ್ರಬಂಧವು ದೆಹಲಿ ವಿಶ್ವವಿದ್ಯಾಲಯದ ಪಠ್ಯವಾದಾಗ 2008ರಲ್ಲಿ ಗಲಭೆಯಾಗಿ, 2011ರಲ್ಲಿ ಅದನ್ನು ಕೈಬಿಡಲಾಯಿತು. ಹಾಡಾಗಿದ್ದಾಗ ಕಥೆಯು ಹಲವು ಪಾಠಗಳಲ್ಲಿ ಒಂದು. ಪಠ್ಯವಾದಾಗ ಅದಕ್ಕೆ ಸಂಸ್ಥೆಯ ಮುದ್ರೆ ಬೀಳುತ್ತದೆ. ಮುದ್ರೆ ಬಿದ್ದ ಮಾತನ್ನು ಸಮುದಾಯಗಳು ತಮ್ಮ ಮೇಲಿನ ತೀರ್ಪೆಂದು ಓದುತ್ತವೆ.

ಮತ ಎಣಿಸುವ, ಮೀಸಲಾತಿ ಕೇಳುವ, ಪ್ರತಿಮೆ ನಿಲ್ಲಿಸುವ ಪ್ರಜಾಪ್ರಭುತ್ವದಲ್ಲಿ ಸಮುದಾಯಗಳಿಗೆ ತಮ್ಮದೇ ಲಾಂಛನ ಬೇಕಾಗಿದೆ. ಬಹಳ ಕಾಲ ಕಡೆಗಣಿಸಲ್ಪಟ್ಟವರಿಗೆ ಅದು ಆತ್ಮಗೌರವದ ಅಗತ್ಯವೂ ಹೌದು. ಆದರೆ ಲಾಂಛನವಾದ ನಾಯಕನ ಸ್ಥಿತಿ ಅರಿಕೇಸರಿಯ ಆಸ್ಥಾನದ ಅರ್ಜುನನ ಸ್ಥಿತಿಯೇ. ಅರಸನೊಬ್ಬನಿದ್ದ ಕಡೆ ಇಂದು ಸಂಘಟನೆಗಳು ನಿಂತಿವೆ. ವ್ಯತ್ಯಾಸವೆಂದರೆ, ಪಂಪನಿಗೆ ಒಬ್ಬ ಅರಸನನ್ನು ಮೆಚ್ಚಿಸಿದರೆ ಸಾಕಿತ್ತು. ಇಂದಿನ ಲೇಖಕನ ಎದುರಿಗೆ ಹಲವು ಅರಿಕೇಸರಿಗಳಿದ್ದಾರೆ. ಇದು ನಮ್ಮ ನಾಡಿಗೆ ಮಾತ್ರ ಸೀಮಿತವಾದುದಲ್ಲ. ಅಮೆರಿಕದ ಹಾರ್ಪರ್ ಲೀ ಅವರ 1960ರ ಕಾದಂಬರಿಯಲ್ಲಿ ಕಪ್ಪು ಜನರ ಪರ ವಾದಿಸಿ ನ್ಯಾಯನಿಷ್ಠೆಯ ಸಂಕೇತವಾಗಿದ್ದ ವಕೀಲ ಆ್ಯಟಿಕಸ್ ಫಿಂಚ್, 2015ರಲ್ಲಿ ಪ್ರಕಟವಾದ ಅವರ ಇನ್ನೊಂದು ಕಾದಂಬರಿಯಲ್ಲಿ ವರ್ಣಭೇದದ ಪಕ್ಷಪಾತಿಯಾಗಿ ಕಾಣಿಸಿಕೊಂಡಾಗ ಅಲ್ಲಿಯ ಓದುಗರೂ ಕಂಗೆಟ್ಟರು. ತಮ್ಮ ಒಳ್ಳೆಯತನದ ಸಾಕ್ಷಿಯಾಗಿ ನಿಲ್ಲಿಸಿಕೊಂಡ ನಾಯಕ ಕುಸಿದಾಗ ತಾವೇ ಕುಸಿದಂತೆ ಓದುಗರಿಗೆ ಅನ್ನಿಸುತ್ತದೆ.

7. ವಿಮರ್ಶೆಯ ಮಾನದಂಡ

ದೋಷವನ್ನು ಚಿತ್ರಿಸುವ ಕೃತಿಗಳೆಲ್ಲವೂ ಶ್ರೇಷ್ಠವೆಂದು ಇದರ ಅರ್ಥವಲ್ಲ. ಅವುಗಳನ್ನು ತೂಗಲು ಗದುಗಿನ ಭಾರತ ಮತ್ತು ದೊಡ್ಡಾಟಗಳಿಂದಲೇ ಮೂರು ಅಳತೆಗಳನ್ನು ಪಡೆಯಬಹುದು. ಮೊದಲನೆಯದು, ನಾಯಕನ ತಪ್ಪಿಗೆ ಕೃತಿಯೊಳಗೆ ಫಲವಿದೆಯೇ ಎಂಬುದು. ಸೀತೆಯನ್ನು ತೊರೆದ ರಾಮನಿಗೆ ಲವಕುಶರು ಎದುರಾಗುತ್ತಾರೆ. ತಪ್ಪು ಕಥೆಯನ್ನು ಮುಂದೆ ನಡೆಸುತ್ತದೆ. ಫಲವಿಲ್ಲದ ದೋಷ ಬರಿಯ ಚಾಡಿಯಾಗುತ್ತದೆ. ಎರಡನೆಯದು, ನೊಂದವರಿಗೆ ಕೃತಿಯೊಳಗೆ ಮಾತಿದೆಯೇ ಎಂಬುದು. ಕುಮಾರವ್ಯಾಸನಲ್ಲಿ ದ್ರೌಪದಿ ಮಾತಾಡುತ್ತಾಳೆ, ಕರ್ಣ ಅಳುತ್ತಾನೆ. ಮೂರನೆಯದು, ಹೇಳುವವನು ಆ ನಾಯಕನ ಜೊತೆಗೆ ತಾನೂ ನೋಯುತ್ತಾನೆಯೇ ಎಂಬುದು. ಹೊರಗಿನವನ ಗೆಲುವಿನ ದನಿ, ಒಳಗಿನವನ ಸಂಕಟದ ದನಿ ಇವುಗಳ ವ್ಯತ್ಯಾಸವನ್ನು ಅನಕ್ಷರಸ್ಥ ಕೇಳುಗನೂ ಗುರುತಿಸಬಲ್ಲ. ಈ ಅಳತೆಗಳಿಂದ ಕೃತಿಯೊಂದು ಸೋತಿದೆಯೆಂದು ಹೇಳುವ ಹಕ್ಕು ಪ್ರತಿಯೊಬ್ಬ ಓದುಗನಿಗೂ ಇದೆ. ಸೋತ ಕೃತಿಗೆ ವಿಮರ್ಶೆಯೇ ತಕ್ಕ ಉತ್ತರ. ಮುಟ್ಟುಗೋಲು ಆ ಉತ್ತರದ ಸ್ಥಾನವನ್ನೇ ಕಿತ್ತುಕೊಳ್ಳುತ್ತದೆ. ಓದಲು ಸಿಗದ ಪುಸ್ತಕವನ್ನು ಕೆಟ್ಟದ್ದೆಂದು ಸಾಧಿಸಿ ತೋರಿಸುವುದೂ ಅಸಾಧ್ಯ.

8. ಸಮಾರೋಪ

ಈ ಚರ್ಚೆಯಿಂದ ಜಾನಪದ ಸಂಶೋಧಕರಿಗೂ ಗ್ರಂಥಾಲಯಗಳಿಗೂ ಒಂದು ಹೊಣೆ ಒದಗುತ್ತದೆ. ಮೌಖಿಕ ಪಠ್ಯಗಳು ಅಕ್ಷರಕ್ಕೆ ಇಳಿಯುವಾಗ ಸಂಪಾದಕನೂ ಒಬ್ಬ ಅರಿಕೇಸರಿಯಾಗುವ ಅಪಾಯವಿದೆ. ಅಶ್ಲೀಲವೆಂದು, ಅಗೌರವವೆಂದು, ವಿವಾದವಾದೀತೆಂದು ಸಾಲುಗಳನ್ನು ಬಿಡುವ ರೂಢಿ ನಮ್ಮಲ್ಲಿ ಹಳೆಯದು. ಹಾಡುಗಾರನ ಬಾಯಲ್ಲಿ ಸಾರಥಿಯ ಪ್ರಶ್ನೆಗೆ ಉತ್ತರಿಸುತ್ತಿದ್ದ ನಾಯಕ ಮುದ್ರಿತ ಪುಟದಲ್ಲಿ ಯಾರಿಗೂ ಉತ್ತರಿಸಬೇಕಾಗಿಲ್ಲದ ಮೂರ್ತಿಯಾಗಿ ಕೂರುತ್ತಾನೆ. ಮುಂದಿನ ತಲೆಮಾರು ಆ ಶುದ್ಧೀಕೃತ ಪಾಠವನ್ನೇ ಪರಂಪರೆಯೆಂದು ನಂಬುತ್ತದೆ. ಹಳೆಯ ಪಾಠವನ್ನು ಯಾರಾದರೂ ಎತ್ತಿ ತೋರಿಸಿದರೆ ಅವರನ್ನೇ ಪರಂಪರೆಯ ವಿರೋಧಿಯೆನ್ನುತ್ತದೆ. ಇಂದಿನ ಪ್ರತಿಭಟನೆಗಳಲ್ಲಿ ಒಂದು ಪಾಲು ನಮ್ಮ ಸಂಪಾದನೆಯ ಮೇಜಿನ ಮೇಲೆಯೇ ಹುಟ್ಟಿದ್ದಿರಬಹುದು.

ಆದುದರಿಂದ ದೊಡ್ಡಾಟದ ಹಸ್ತಪ್ರತಿಗಳು, ಲಾವಣಿಗಳು, ಹಾಡುಗಬ್ಬಗಳು ಎಲ್ಲ ಪಾಠಾಂತರಗಳ ಸಮೇತ, ಬಿಟ್ಟ ಭಾಗಗಳ ಸ್ಪಷ್ಟ ಸೂಚನೆಯೊಡನೆ ಪ್ರಕಟವಾಗಬೇಕು; ವಿವಾದಕ್ಕೆ ಒಳಗಾದ ಕೃತಿಗಳ ಪರ-ವಿರೋಧದ ಬರಹಗಳನ್ನು ಗ್ರಂಥಾಲಯಗಳು ಜೊತೆಜೊತೆಯಾಗಿ ಸಂರಕ್ಷಿಸಬೇಕು. ಪುಲಿಗೆರೆಯ ಭಾರತ ಕನ್ನಡಕ್ಕೆ ಭಾಷೆಯ ತಿರುಳನ್ನು ಕೊಟ್ಟಿತು. ಗದುಗಿನ ಭಾರತ ಕುಂದುಳ್ಳ ನಾಯಕರನ್ನು ಕುಂದಿನ ಸಮೇತ ಪ್ರೀತಿಸುವ ಕೇಳುಗರನ್ನು ಬೆಳೆಸಿತು. ಅಂಥ ಕೇಳುಗರು ಈ ನೆಲದಲ್ಲಿ ಇನ್ನೂ ಇದ್ದಾರೆ. ಅವರ ಕಿವಿಗೆ ಪೂರ್ಣ ಪಾಠವನ್ನು ತಲುಪಿಸುವುದು ವಿದ್ವತ್ತಿನ ಕೆಲಸ.